ಅತ್ತೆಯ ಎದುರಿಗೆ ಒಂದು ತುತ್ತು

ಬೆಲ್ಜಿಯಂ ದೊರೆಗಳ ಕಾಲಕ್ಕೆ ಕಾಂಗೋದ ಲುಲುವಾಬರ್ಗಿನಲ್ಲಿ ‘ನಾಗರಿಕತೆ’ ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು. ಇಸ್ತ್ರಿ ಹಾಕಿದ ಚಡ್ಡಿ ನಾಗರಿಕ, ಬರಿಗಾಲು ಅನಾಗರಿಕ. ಗೂಡಿನಲ್ಲಿ ಮಲಗುವ ಕೋಳಿ ನಾಗರಿಕ, ಮರ ಹತ್ತಿದ್ದು ಕಾಡು ಎಂದು ಸಂತೆಯ ಹೆಂಗಸರು ನಗುತ್ತಿದ್ದರು. ಸರ್ಕಾರದ ಮಟ್ಟಿಗೆ ಮಾತ್ರ ಅದೊಂದು ಕಾರ್ಡು. ಅಧಿಕಾರಿ ಮನೆಗೆ ಬಂದು, ಪಾಯಿಖಾನೆ ಇಣುಕಿ, ಹೆಂಡತಿ ಒಬ್ಬಳೇ ತಾನೆ ಎಂದು ಕೇಳಿ, ಊಟಕ್ಕೆ ಕೂರುವ ಬಗೆ ನೋಡಿ, ಒಪ್ಪಿದರೆ ಕೊಡುತ್ತಿದ್ದ.

ಹತ್ತಿ ಕಂಪನಿಯಲ್ಲಿ ಟೈಪು ಮಾಡುತ್ತಿದ್ದ ಬಕಾಜಿಕಾನಿಗೆ ಆ ಕಾರ್ಡು ಬೇಕಾಗಿತ್ತು. ಪಾದ್ರಿಗಳ ಹತ್ತಿರ ಓದಿದವನು, ನಲವತ್ತು ದಾಟಿದವನು; ಆದರೂ ಮೀಸೆ ಮೂಡದ ಬಿಳಿ ಹುಡುಗರು ‘ಲೋ’ ಎಂದೇ ಕರೆಯುತ್ತಿದ್ದರು. ಅದನ್ನು ಅವನು ಹೇಗೋ ನುಂಗಿಕೊಂಡಿದ್ದ. ಮಗಳು ಮುಜಿಂಗಾಳಿಗೆ ಆ ಗತಿ ಬರಬಾರದು, ಅವಳು ಬಿಳಿಯರ ಶಾಲೆಗೆ ಹೋಗಬೇಕು ಎಂಬುದೊಂದೇ ಆಸೆ. ಕಾರ್ಡಿಲ್ಲದವರ ಮಕ್ಕಳನ್ನು ಆ ಶಾಲೆ ಗೇಟಿನೊಳಗೂ ಬಿಡುತ್ತಿರಲಿಲ್ಲ.

ಕುರ್ಚಿ ಎರವಲು ಬಂತು, ಫೋರ್ಕು ಬಂತು. ಹೆಂಡತಿ ಮಿಸೆಂಗಾ ಮೇಜಿನ ಮುಂದೆ ಕೂತು ಮುದ್ದೆ ಚುಚ್ಚಿದಳು.

“ರೀ, ಇದು ಊಟಾನೋ, ಬೇಟೇನೋ?”

“ನಗಬೇಡ. ಅವ್ರು ನೋಡ್ತಿರ್ತಾರೆ.”

ಅಧಿಕಾರಿ ಬರುವ ದಿನವೇ ಹತ್ತಿ ಲಾರಿಯಲ್ಲಿ ಮಿಸೆಂಗಾಳ ತಾಯಿ ಬಿದುವಾಯಾ ಬಂದಿಳಿದಳು. ಇವರ ಲುಬಾ ಜನರಲ್ಲಿ ಅಳಿಯ, ಅತ್ತೆ ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ಅವಳೆದುರು ತುತ್ತು ಎತ್ತುವುದಂತೂ ಬೆತ್ತಲೆ ನಿಂತಷ್ಟೇ ನಾಚಿಕೆಗೇಡು. ದಾರಿಯಲ್ಲಿ ಅವಳ ಕೆಮ್ಮು ಕೇಳಿದರೆ ಬಕಾಜಿಕಾ ಹುಲ್ಲಿನೊಳಗೆ ಸರಿದು ನಿಲ್ಲುತ್ತಿದ್ದ. ಮದುವೆಯಾದಾಗಿನಿಂದ ಅವರಿಬ್ಬರ ಮಾತೆಲ್ಲ ಗೋಡೆಯ ಮರೆಯಲ್ಲಿ. ಒಬ್ಬರನ್ನೊಬ್ಬರು ಬಲು ಗೌರವಿಸುತ್ತಿದ್ದರು.

“ಅಳಿಯಂದ್ರಿಗೆ ಹೇಳೇ, ಅವ್ರಿಗಿಷ್ಟ ಅಂತ ಹುಳ ಹುರ್ಕೊಂಡ್ ಬಂದಿದೀನಿ.”

“ನಿಮ್ಮಮ್ಮನಿಗೆ ಹೇಳು, ಅವ್ರ ಕೈಯಡಿಗೆ ತಿಂದು ಬಹಳ ದಿನ ಆಯ್ತು ಅಂತ.”

ಅಧಿಕಾರಿ ಸರಿಯಾಗಿ ಊಟದ ಹೊತ್ತಿಗೆ ಬಂದ. ಮನೆಯೆಲ್ಲ ಮೆಚ್ಚಿ, ಹಿಂದಿನ ಅಡುಗೆಮನೆಗೆ ಹೋದ. ಚಾಪೆಯ ಮೇಲೆ ಕೂತಿದ್ದ ಮುದುಕಿ ಅವನನ್ನು ನೆಟ್ಟಗೆ ನೋಡಿ ನಮಸ್ಕಾರ ಹೇಳಿದಳು. ಬಿಳಿಯರ ಮುಖ ನೋಡಿದರೆ ದೋಷವಿಲ್ಲ. ಅವರು ಯಾರ ಅಳಿಯಂದಿರೂ ಅಲ್ಲ.

“ಯಾರಿದು? ಆಳಾ?”

“ನನ್ನ ಹೆಂಡತಿಯ ತಾಯಿ, ಸ್ವಾಮಿ.”

“ಅತ್ತೇನ ನೆಲದ ಮೇಲೆ ಕೂರಿಸಿ, ನೀನು ಮೇಜಿನಲ್ಲಿ ತಿಂತೀಯಾ? ಇದೇನಾ ನಾಗರಿಕತೆ?”

ಆ ಅಧಿಕಾರಿ ಕೆಟ್ಟವನೇನಲ್ಲ, ಪಾಪ. ಮುದುಕಿಯ ಮೇಲೆ ಕನಿಕರದಿಂದಲೇ ಕೇಳಿದ್ದ. ಬಕಾಜಿಕಾ ಬಿಡಿಸಿ ಹೇಳಬಹುದಿತ್ತು. ಆದರೆ ಪಕ್ಕದ ಬೀದಿಯವನೊಬ್ಬ ಹೀಗೆಯೇ ‘ನಮ್ಮ ಹಿರಿಯರ ಪದ್ಧತಿ’ ಎಂದು ಶುರುಮಾಡಿ ಕಾರ್ಡು ಕಳೆದುಕೊಂಡಿದ್ದ.

“ನಿಮ್ಮಮ್ಮನ್ನ ಮೇಜಿಗೆ ಕರಿ,” ಎಂದು ಹೆಂಡತಿಗೆ ಹೇಳಿದ.

“ತಲೆ ಕೆಟ್ಟಿದ್ಯಾ ನಿಮ್ಗೆ?”

“ಮಗು ಸ್ಕೂಲು, ಮಿಸೆಂಗಾ.”

ಮುದುಕಿಗೆ ಎಲ್ಲ ಕೇಳಿಸಿತ್ತು. ತಾನೇ ಎದ್ದು ಬಂದು, ತಲೆಯ ಬಟ್ಟೆಯನ್ನು ಮುಖದ ಮೇಲೆ ಎಳೆದುಕೊಂಡು, ಕುರ್ಚಿಯ ಅಂಚಿನಲ್ಲಿ ಗೋಡೆಗೆ ಮುಖಮಾಡಿ ಕೂತಳು. ಬಕಾಜಿಕಾ ಫೋರ್ಕಿನಲ್ಲಿ ಒಂದು ತುತ್ತು ಬಾಯಿಗಿಟ್ಟ. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಕೊನೆಗೆ ನುಂಗಿದ. ಅಧಿಕಾರಿ ನಕ್ಕು ಅವನ ಬೆನ್ನು ತಟ್ಟಿದ. ಮುದುಕಿ ಏನೂ ಮುಟ್ಟದೆ ಸಂಜೆಯ ಲಾರಿಗೆ ಹೊರಟುಹೋದಳು.

ಕಾರ್ಡು ಬಂತು. ಮುಜಿಂಗಾ ಶಾಲೆಗೆ ಸೇರಿದಳು. ಅತ್ತೆಯ ಮುಂದೆ ತಪ್ಪಾದರೆ ಅಳಿಯ ಆಡು ಕೊಟ್ಟು ತಿದ್ದಿಕೊಳ್ಳುವುದು ವಾಡಿಕೆ. ಬಕಾಜಿಕಾ ಒಳ್ಳೆಯ ಕಪ್ಪು ಆಡೊಂದನ್ನು ಹೊಡೆದುಕೊಂಡು ಅವಳ ಊರಿಗೆ ಹೋದ. ಅಂಗಳದಾಚೆ ನಿಂತು, ಬೆನ್ನು ತಿರುಗಿಸಿ, ಕೆಮ್ಮಿದ.

ಬಿದುವಾಯಾ ಹೊರಗೆ ಬಂದಳು. ಅವನನ್ನು ಸುತ್ತುಹಾಕಿ ಎದುರಿಗೆ ಬಂದು ನಿಂತು, ಆವತ್ತು ಅಧಿಕಾರಿಯನ್ನು ನೋಡಿದ ಹಾಗೆಯೇ ಅವನ ಮುಖವನ್ನು ನೆಟ್ಟಗೆ ನೋಡಿದಳು.

“ಬನ್ನಿ ಸಾಹೇಬ್ರೇ. ಕುರ್ಚಿ ತರಿಸ್ತೀನಿ, ಕೂತ್ಕೊಳ್ಳಿ,” ಎಂದಳು. “ಆಡು ಮಾತ್ರ ವಾಪಸ್ ಹೊಡ್ಕೊಂಡ್ ಹೋಗಿ. ಅದನ್ನ ನಾವು ಅಳಿಯಂದಿರ ಕೈಯಿಂದ ಇಸ್ಕೊಳ್ಳೋದು.”