ರಾಯವ್ವನ ಬದನೆ

ಘೋಡಗೇರಿಯ ರಾಯವ್ವ ಇಪ್ಪತ್ತು ವರ್ಷ ಸೋಮಪ್ಪನ ಹೊಲದಲ್ಲಿ ಕೂಲಿ ಮಾಡಿದವಳು. ಒಂದು ವರ್ಷ ಬದನೆಗೆ ಎಂಥ ಹುಳು ಬಿತ್ತೆಂದರೆ, ಬುಟ್ಟಿಗೆ ಹಾಕಿದ್ದಕ್ಕಿಂತ ಬದುವಿಗೆ ಎಸೆದದ್ದೇ ಹೆಚ್ಚು. ನಡುವೆ ಒಂದೇ ಒಂದು ಗಿಡದ ಕಾಯಿಗಳಿಗೆ ತೂತಿರಲಿಲ್ಲ. ರಾಯವ್ವ ಆ ಗಿಡಕ್ಕೆ ಸೀರೆಯ ಚೂರು ಕಟ್ಟಿದಳು. ಕಾಯಿ ಹಣ್ಣಾದ ಮೇಲೆ ಸೋಮಪ್ಪನನ್ನು ಕೇಳಿ ಮನೆಗೆ ಒಯ್ದಳು. ಒಂಬತ್ತು ವರ್ಷ ಹಿತ್ತಲಲ್ಲಿ ಅದರ ಬೀಜವನ್ನೇ ಬಿತ್ತಿದಳು. ಕುಡಿ ಬಾಡಿದ, ಮುಳ್ಳು ಹೆಚ್ಚಿದ ಗಿಡ ಕಂಡರೆ ಕಿತ್ತೆಸೆಯುವಳು. ಗಂಡ ಉದ್ದಪ್ಪ ನಗುತ್ತಿದ್ದ.

ಹತ್ತನೇ ವರ್ಷ ಸೋಮಪ್ಪ ಬೀಜ ಕೇಳಿದ. ಕೊಟ್ಟಳು. ಅವನ ಎರಡೆಕರೆ ಬೆಳೆ ನೋಡಿದ ಬೀಜದ ಕಂಪನಿಯವರು, ಹೊಸ ತಳಿಗೆ ಹಕ್ಕುಪತ್ರ ಸಿಗುತ್ತದೆಂದು ಅವನಿಂದ ಅರ್ಜಿ ಹಾಕಿಸಿದರು.

ರಾಯವ್ವನಿಗೆ ಇದು ತಿಳಿದದ್ದು, ಹಕ್ಕುಪತ್ರ ಸಿಕ್ಕಿದ್ದಕ್ಕೆ ಮೂಡಲಗಿಯಲ್ಲಿ ನಡೆದ ಸನ್ಮಾನದ ದಿನ. ಮೇಜಿನ ಮೇಲೆ ಬದನೆಕಾಯಿ ಜೋಡಿಸಲು ಅವಳನ್ನೇ ಕರೆದೊಯ್ದಿದ್ದರು. ತಳಿ ಕಂಡುಹಿಡಿದ ರೈತನೆಂದು ಮೈಕಿನಲ್ಲಿ ಸೋಮಪ್ಪನ ಹೆಸರು ಬಂತು. ಶಾಲು ಹೊದ್ದು ಇಳಿದವನೆದುರು ಅವಳು ನಿಂತಳು.

"ಸಾವ್ಕಾರ್ರ, ಆ ಬೀಜ ಆರಿಸಿದಾಕಿ ನಾನಲ್ಲೇನ್ರಿ?"

"ಖರೆ ಐತಿ. ಆದ್ರ ಅರ್ಜಿಗೆ ಹೊಲದ ಪಹಣಿ ಉತಾರ ಬೇಕಿತ್ತು. ನಿನ್ನ ಹೆಸರಿಲೆ ಎಲ್ಲೈತಿ ಹೊಲ?"

ಅವಳು ಗೋಕಾಕದ ವಕೀಲರ ಹತ್ತಿರ ಹೋದಳು. ಹಕ್ಕುಪತ್ರದ ವಿವರ ತರಿಸಿ ನೋಡಿ ಅವರು ತಲೆಯಲ್ಲಾಡಿಸಿದರು.

"ಉತಾರ ಯಾರೂ ಕೇಳೂದಿಲ್ಲವ್ವಾ, ಸುಳ್ಳ ಹೇಳ್ಯಾನ. ಅರ್ಜಿ ಪ್ರಕಟ ಆದಾಗ ತಕರಾರ ಮಾಡೂ ಅವಕಾಶ ಇತ್ತು, ಅದು ಮುಗದೈತಿ. ಈಗ ಹಕ್ಕುಪತ್ರ ರದ್ದ ಮಾಡ್ರಿ ಅಂತ ಕೇಳಬಹುದು. ಸಾಕ್ಷಿ ಯಾರದಾರ?"

ಬೀಜ ಆರಿಸಿದ್ದು ಅವಳೇ ಎಂದು ಅವಳೊಡನೆ ಬದನೆ ಬಿಡಿಸಿದ ಹೆಂಗಸರಿಗೆಲ್ಲ ಗೊತ್ತಿತ್ತು. ಮನೆಮನೆಗೆ ಹೋಗಿ ಕೇಳಿದಳು. ಅವರಲ್ಲೊಬ್ಬಳಾದ ತಾಯವ್ವ ಬಾಗಿಲಲ್ಲೇ ತಡೆದು ಅಂದಳು: "ನಾಳಿ ಕೂಲಿಗಿ ಎಲ್ಲಿಗಿ ಹೋಗ್ಲಿ, ನೀನ ಹೇಳ." ಒಬ್ಬಳೂ ಬರಲಿಲ್ಲ.

ರಾಯವ್ವ ಸೋಮಪ್ಪನ ಹೊಲ ಬಿಟ್ಟು ದೂರದ ಬೆಲ್ಲದ ಬಾಗೇವಾಡಿಗೆ ಕೂಲಿಗೆ ಹೋಗತೊಡಗಿದಳು. ಹಿತ್ತಲ ಕಡೆ ತಿರುಗಿ ನೋಡಲಿಲ್ಲ. ಕುಡಿ ಬಾಡಿದ ಗಿಡ ಕೀಳಲಿಲ್ಲ, ಬೀಜ ಎತ್ತಿಡಲಿಲ್ಲ. ಉದುರಿದ ಬೀಜದಿಂದ ತಾವೇ ಹುಟ್ಟಿದ ಗಿಡಗಳು ನೆರೆಮನೆಯ ಬದನೆಯೊಡನೆ ಬೆರೆತು, ಮೂರು ವರ್ಷದಲ್ಲಿ ಮುಳ್ಳೂ ಹುಳುವೂ ತುಂಬಿಕೊಂಡವು.

ಸೋಮಪ್ಪನ ಹೊಲದಲ್ಲೂ ಹಾಗೇ ಆಯಿತು. ಯಾವ ಗಿಡ ಇಡಬೇಕು, ಯಾವುದು ಕೀಳಬೇಕು ಎಂದು ತಿಳಿದವರು ಅಲ್ಲಿ ಯಾರೂ ಇರಲಿಲ್ಲ. ಒಂದು ಮುಂಜಾನೆ ಅವನೇ ಅವಳ ಬಾಗಿಲಿಗೆ ಬಂದ.

"ರಾಯವ್ವಾ, ಮೊದಲಿನ ಬೀಜ ಒಂದ ಹಿಡಿ ಇದ್ರ ಕೊಡ."

"ಇಲ್ರಿ."

"ಸಿಟ್ಟಿಗೆ ಹಂಗ ಅನಬ್ಯಾಡ."

"ಹಿತ್ತಲಕ್ಕ ಹೋಗಿ ನೋಡ್ರಿ."

ಅವನು ನೋಡಿ ಬಂದ. ಆದರೂ ನಂಬಲಿಲ್ಲ, ಎಲ್ಲೋ ಮುಚ್ಚಿಟ್ಟಿದ್ದಾಳೆಂದು ಊರೆಲ್ಲ ಹೇಳಿದ. ಊರು ಅವನ ಮಾತನ್ನೇ ನಂಬಿತು.