ಸೋದರಸೊಸೆಯ ಉಯಿಲು

ಮುಲುಂಡಿನಲ್ಲಿ ನನ್ನ ತಂಗಿಯ ಮನೆ. ಆ ಭಾನುವಾರ ಊಟ ಮುಗಿಸಿ ಹಾಲ್‌ನಲ್ಲಿ ಕೂತವರು ನಾವು ನಾಲ್ವರು: ತಂಗಿ, ಅವಳ ಗಂಡ, ಅವರ ಮಗಳು ಮತ್ತು ನಾನು. ಮಗ ಕ್ರಿಕೆಟ್ ಆಡಲು ಕೆಳಗೆ ಹೋಗಿದ್ದ. ಭಾವ ಸೋಫಾದ ಮೇಲೆ ಒರಗಿ ಅರ್ಧ ನಿದ್ದೆ ಮಾಡುತ್ತಿದ್ದರು, ಅರ್ಧ ಕೇಳಿಸಿಕೊಳ್ಳುತ್ತಿದ್ದರು. ತಂಗಿ ಅವರೆಕಾಯಿ ಸುಲಿಯುತ್ತಿದ್ದಳು; ದಾದರ್ ಮಾರ್ಕೆಟ್ಟಿನಿಂದ ನಾನೇ ತಂದದ್ದು.

ಸೋದರಸೊಸೆ ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಹಿಂದಿನ ದಿನ ಅವಳ ವಿಶ್ವವಿದ್ಯಾಲಯದಲ್ಲಿ ಹಳೆಯ ವಿದ್ಯಾರ್ಥಿಗಳ ಸಭೆ ನಡೆದಿತ್ತು. ಈಗಷ್ಟೇ ಪಾಸಾದವರೂ ತಮ್ಮ ಉಯಿಲಿನಲ್ಲಿ ವಿಶ್ವವಿದ್ಯಾಲಯಕ್ಕೆ ಒಂದು ಪಾಲು ಬರೆದಿಡಬಹುದು, ಸದ್ಯಕ್ಕೆ ಕೈಯಿಂದ ಏನೂ ಕೊಡಬೇಕಾಗಿಲ್ಲ ಎಂದು ಅಲ್ಲಿ ಹೇಳಿದ್ದರಂತೆ. ಭಾವನ ಭಾಂಡುಪಿನ ಕಾರ್ಖಾನೆ ಮುಚ್ಚಿದ ವರ್ಷ ಇವಳ ಫೀಸು ಕಟ್ಟಿದ್ದು ಹಾಗೆ ಯಾರೋ ಬರೆದಿಟ್ಟುಹೋದ ನಿಧಿಯೇ. ಹುಡುಗಿ ಮನಸ್ಸು ಮಾಡಿಕೊಂಡು ಬಂದಿದ್ದಳು. ಆದರೆ ಅಮ್ಮನನ್ನು ಒಪ್ಪಿಸಿಯೇ ಮಾಡಬೇಕೆಂಬ ಆಸೆ.

"ಮಾಮ, ನಾನು ವಿಲ್ ಮಾಡ್ತೀನಿ," ಎಂದಳು. "ನಾನು ಸತ್ತ ಮೇಲೆ ಅರ್ಧ ಯೂನಿವರ್ಸಿಟಿಗೆ, ಅರ್ಧ ತಮ್ಮನಿಗೆ. ಬಸ್."

ತಂಗಿಯ ಕೈ ನಿಂತಿತು. "ಬಿಡ್ತು ಅನ್ನು."

"ಕ್ಯೂಂ? ನಾನು ಬಿಡಲ್ಲ."

"ಬಿಡ್ತು ಅನ್ನೇ ಮೊದಲು."

"ನಹೀ ಅಂದ್ರೆ ನಹೀ, ಅಮ್ಮ."

"ನೋಡಿದ್ಯಾ ಅಣ್ಣ? ಮದುವೆ ಮಾತಾಡೋ ವಯಸ್ಸಲ್ಲಿ ಸಾಯೋ ಮಾತಾಡ್ತಾಳೆ. ಬಿಡ್ತು ಅನ್ನೋಕೂ ಬಾಯಿ ಬರಲ್ಲ ಇವಳಿಗೆ."

ಭಾವ ಕಣ್ಣು ಮುಚ್ಚಿಕೊಂಡೇ, "ನಾನು ವಿಲ್ ಬರೆಯೋಕೇ ಇನ್ನೂ ಪರ್ಮಿಷನ್ ಸಿಕ್ಕಿಲ್ಲ. ನೀನು ನನ್ನ ಹಿಂದೆ ಲೈನಲ್ಲಿ ನಿಂತ್ಕೋ ಪುಟ್ಟಿ," ಎಂದರು.

"ನೀವು ಸುಮ್ನಿರಿ. ನೀವೂ ಬಿಡ್ತು ಅನ್ನಿ."

"ಬಿಡ್ತು," ಎಂದರು ಭಾವ, ರೂಢಿಯಾದವರ ಹಾಗೆ.

ಹುಡುಗಿಯ ಮುಖ ಸಪ್ಪಗಾಯಿತು. "ಪಪ್ಪಾ, ಇಷ್ಟು ಬೇಗ ಛೋಡ್ ದಿಯಾ?"

ಆಗ ನನಗೆ ಹೊಳೆಯಿತು. ಇವಳ ಕನ್ನಡ ಅಡುಗೆಮನೆ ದಾಟಿ ಹೊರಗೆ ಹೋದದ್ದಲ್ಲ. ಬಿಡ್ತು ಎಂದರೆ ಉಯಿಲಿನ ಯೋಚನೆ ಬಿಟ್ಟೆ ಎಂದು ಒಪ್ಪಿಕೊಂಡ ಹಾಗೆ ಎಂದೇ ಅವಳು ತಿಳಿದಿದ್ದಳು. ಇವಳು ಬಿಡುವುದಿಲ್ಲ ಎನ್ನುತ್ತಿದ್ದುದು ಉಯಿಲನ್ನು. ತಾಯಿಗೆ ಮಾತ್ರ ಮಗಳು ಸಾವನ್ನೇ ಹಿಡಿದುಕೊಂಡು ಕೂತಂತೆ ಕಂಡಿತ್ತು.

ನಾನು ಬೆಳೆದದ್ದು ಅಜ್ಜಿಯ ಬಳಿ. ಮಕ್ಕಳ ಬಾಯಲ್ಲಿ ಅಶುಭದ ಮಾತು ಬಂದರೆ, ತುತ್ತು ಕೈಯಲ್ಲಿದ್ದರೂ ಸರಿ, ಆಕೆ ಬಿಡ್ತು ಅನ್ನಿಸಿಯೇ ಮುಂದಿನ ಅನ್ನ ಬಡಿಸುತ್ತಿದ್ದಳು. ಬಿಡ್ತು ಅಂದಾದ ಮೇಲೆ ಅದೇ ಮಾತನ್ನು ಮುಂದುವರಿಸಲು ಯಾವ ಅಡ್ಡಿಯೂ ಇರಲಿಲ್ಲ. ಯಾರು ಹೇಗೆ ಹೋದರು, ಯಾರ ತಿಥಿಯಲ್ಲಿ ವಡೆ ಗಟ್ಟಿಯಾಗಿತ್ತು ಎಂಬುದನ್ನೆಲ್ಲ ಆಕೆಯೇ ರಸವತ್ತಾಗಿ ಹೇಳುತ್ತಿದ್ದಳು.

"ಪ್ಲಾನ್ ಬಿಡು ಅಂತ ಅಲ್ಲಮ್ಮ," ಎಂದೆ. "ಬಾಯಿಗೆ ಬಂದ ಕೆಟ್ಟದ್ದು ನಿನ್ನನ್ನ ಬಿಟ್ಟು ಹೋಯ್ತು ಅಂತ. ನೀವೆಲ್ಲ ಟಚ್‌ವುಡ್ ಅಂತೀರಲ್ಲ, ಅದೇ ಜಾತಿ."

"ಇಷ್ಟೇನಾ?" ಅವಳು ಅಮ್ಮನ ಪಕ್ಕ ಬಂದು ಕೂತಳು. "ಬಿಡ್ತು. ಬಿಡ್ತು. ಈಗ ವಿಲ್ ಮಾಡ್ಬಹುದಾ?"

ತಂಗಿ ಸುಲಿದ ಕಾಳುಗಳನ್ನು ಬಟ್ಟಲಿಗೆ ಸುರಿದಳು.

"ನಿನ್ನ ಫೀಸಿಗೆ ಯಾರೋ ಬರೆದಿಟ್ಟಿದ್ರಲ್ಲ, ಅವರಿಗೂ ಒಬ್ಬ ಅಮ್ಮ ಇದ್ದಿರ್ಬೇಕು," ಎಂದಳು. ಇನ್ನೊಂದು ಕಾಯಿ ಕೈಗೆತ್ತಿಕೊಂಡು, "ವಕೀಲರ ಹತ್ರ ಹೋಗುವಾಗ ನನ್ನ ಬಿಟ್ಟು ಹೋಗ್ಬೇಡ. ಏನು ಬರೀತಾರೋ ನೋಡ್ಬೇಕು," ಎಂದಳು.

ಎರಡು ವಾರ ಕಳೆದು, ದಾದರಿನ ಒಬ್ಬ ವಕೀಲರ ಕಚೇರಿಯಲ್ಲಿ ಹುಡುಗಿ ಉಯಿಲಿಗೆ ಸಹಿ ಹಾಕಿದಳು. ಸಾಕ್ಷಿಗೆ ಇಬ್ಬರು ಬೇಕಿತ್ತು. ಮೊದಲು ನಾನು ಹಾಕಿದೆ, ಆಮೇಲೆ ನನ್ನ ತಂಗಿ.