ಸೀಮೆಸುಣ್ಣದ ರೋಮ್

ಪರದೇಶದ ಪುಚೊಂಗ್‌ನ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಮಗಳು ಬರೆದ ಚಿತ್ರಗಳನ್ನು ಒರೆಸುತ್ತಿದ್ದೆ. ಒದ್ದೆ ಸೀಮೆಸುಣ್ಣದ ವಾಸನೆಗೆ ಅಪ್ಪ ನೆನಪಾದರು.

ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುತ್ತಿದ್ದ ಅವರು ಪಾಠವನ್ನು ಮೊದಲು ಮನೆಯಲ್ಲೇ ನಡೆಸಿ ನೋಡುತ್ತಿದ್ದರು. ನಡುಮನೆಯ ಕೆಂಪು ನೆಲದ ಮೇಲೆ ರೋಮನ್ ಸಾಮ್ರಾಜ್ಯ ಬಿಡಿಸಿ, ಒದ್ದೆ ಬಟ್ಟೆಯಿಂದ ಅಂಚಿನ ಒಂದೊಂದೇ ಸೀಮೆಯನ್ನು ಒರೆಸುತ್ತ ಬರುತ್ತಿದ್ದರು. ಕೊನೆಗೆ ಉಳಿದ ರೋಮ್ ಊರಿನ ಮೇಲೆ ನಾನು ಅಂಗೈ ಒತ್ತಿ ಹಿಡಿಯುತ್ತಿದ್ದೆ.

"ಕೈ ತೆಗಿಯೇ ಪುಟ್ಟಿ. ರಾಜ್ಯ ಹೋದ್ರೂ ಅವ್ರು ಹಾಕಿದ ರಸ್ತೆಗಳು ಉಳ್ಕೊಂಡ್ವು" ಎನ್ನುತ್ತಿದ್ದರು.

ನನಗೀಗ ಊರಿಗೆ ಯಾವ ದಾರಿಯೂ ಇಲ್ಲ; ಕೊರೊನಾ ಲಾಕ್‌ಡೌನಿನಲ್ಲಿ ವಿಮಾನಗಳೇ ನಿಂತಿವೆ. ಅಷ್ಟರಲ್ಲಿ ಅಪ್ಪ ದಾಖಲಾಗಿದ್ದ ಮೈಸೂರಿನ ಆಸ್ಪತ್ರೆಯಿಂದ ನರ್ಸ್ ವಿಡಿಯೋ ಕಾಲ್ ಮಾಡಿದರು.

"ಏನಾದ್ರೂ ಮಾತಾಡಿ ಮೇಡಂ, ಆಕ್ಸಿಜನ್ ಇಳೀತಾನೇ ಇದೆ."

ಫೋನಿನಲ್ಲಿ ಮಸುಕಾಗುತ್ತಿದ್ದ ಅಪ್ಪನ ಮುಖದ ಮೇಲೆ ಅಂಗೈ ಒತ್ತಿ ಹಿಡಿದೆ.